ಪ್ರಶ್ನೋತ್ತರ: ಮೈಗ್ರೇಷನ್ ಸ್ಕ್ರಿಪ್ಟ್ (ಡೇಟಾಬೇಸ್‌ನ ರಚನೆ ಬದಲಿಸೋ ಫೈಲ್) ಓಡಿಸೋ ಮುಂಚೆ ಏನು ನೋಡ್ಬೇಕು?

ಡಿಬಿಎ (ಡೇಟಾಬೇಸ್ ನೋಡ್ಕೊಳ್ಳೋ) ಮೇಡಂ: ಕೇಳಿ. ಯಾವ ಡೇಟಾಬೇಸ್, ಯಾವ ಆವೃತ್ತಿ, ಟೇಬಲ್‌ನಲ್ಲಿ ಎಷ್ಟು ಸಾಲು ಅಂತ ಹೇಳಿಯೇ ಕೇಳಿ.

ಹೊಸಚಿಗುರು: ಮೇಡಂ, ಪೋಸ್ಟ್‌ಗ್ರೆಸ್ 14, 4 ಕೋಟಿ ಸಾಲು. ಮಾಡೆಲ್‌ನಲ್ಲಿ (ಟೇಬಲ್ ಹೇಗಿರಬೇಕು ಅಂತ ಹೇಳೋ ಕೋಡ್) ‘ಫೋನ್’ ಕಾಲಂ ಹೆಸರನ್ನ ‘ಮೊಬೈಲ್’ ಅಂತ ಬದಲಿಸಿ ನಾಟ್ ನಲ್ (ಖಾಲಿ ಬಿಡೋಕಾಗದ ಹಾಗೆ) ಮಾಡಿದೆ. ಅಲೆಂಬಿಕ್ ಅನ್ನೋ ಮೈಗ್ರೇಷನ್ ಟೂಲ್‌ನ ಆಟೋಜನರೇಟ್ (ಮಾಡೆಲ್ ನೋಡಿ ತಾನೇ ಬರೆಯೋದು) ಕೊಟ್ಟ ಫೈಲ್ ಟೆಸ್ಟ್‌ನಲ್ಲಿ ಎರರ್ ಇಲ್ಲದೆ ಓಡ್ತು. ರಾತ್ರಿ ಪ್ರೊಡಕ್ಷನ್‌ಗೆ (ಜನ ಬಳಸೋ ಡೇಟಾಬೇಸ್‌ಗೆ) ಹಾಕ್ಲಾ?

ಡಿಬಿಎ ಮೇಡಂ: ಹಾಕಬೇಡಿ. ಮೊದಲು ಫೈಲ್ ಓಡಿಸೋ ಅಪ್‌ಗ್ರೇಡ್ ಕಮಾಂಡ್‌ಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡೋ ಭಾಷೆ) ಆಯ್ಕೆ ಸೇರಿಸಿ. ಏನೂ ಓಡಲ್ಲ, ಓಡಬೇಕಾದ ಎಸ್‌ಕ್ಯೂಎಲ್ ಮಾತ್ರ ಅಚ್ಚಾಗುತ್ತೆ. ಅದನ್ನ ಓದಿ. ‘ಮೊಬೈಲ್’ ಆಡ್ ಕಾಲಂ, ‘ಫೋನ್’ ಡ್ರಾಪ್ ಕಾಲಂ ಅಂತಿರುತ್ತೆ. ಹೆಸರು ಬದಲಾಗಿದೆ ಅಂತ ಆಟೋಜನರೇಟ್‌ಗೆ ಗೊತ್ತಾಗಲ್ಲ. ಒಂದು ಹೋಯ್ತು, ಒಂದು ಬಂತು ಅಂತಷ್ಟೇ ಅದಕ್ಕೆ ಕಾಣೋದು.

ಟೆಸ್ಟ್‌ನಲ್ಲಿ ಓಡಿದ್ದು ಟೇಬಲ್ ಖಾಲಿ ಇದ್ದಿದ್ದಕ್ಕೆ. ಸಾಲುಗಳಿರೋ ಟೇಬಲ್‌ಗೆ ಡಿಫಾಲ್ಟ್ (ತಾನಾಗೇ ತುಂಬೋ ಬೆಲೆ) ಇಲ್ಲದ ನಾಟ್ ನಲ್ ಕಾಲಂ ಸೇರಿಸೋಕೆ ಹೋದ್ರೆ ಎರರ್ ಬರುತ್ತೆ. ಆ ಎರರ್ ನಿಮ್ಮನ್ನ ಕಾಪಾಡುತ್ತೆ. ನನಗೆ ಭಯ ಇರೋದು ಅದರ ಮುಂದಿನ ಹೆಜ್ಜೆ ಬಗ್ಗೆ. ಎರರ್ ಹೋಗ್ಲಿ ಅಂತ ಯಾರೋ ಖಾಲಿ ಸ್ಟ್ರಿಂಗ್ ಡಿಫಾಲ್ಟ್ ಹಾಕ್ತಾರೆ, ಸ್ಕ್ರಿಪ್ಟ್ ಸಲೀಸಾಗಿ ಓಡುತ್ತೆ, 4 ಕೋಟಿ ನಂಬರ್ ಹೋಗಿಬಿಡುತ್ತೆ.

ಆಪ್ ನಿಲ್ಲಿಸಬಹುದಾದ್ರೆ ರಿನೇಮ್ ಕಾಲಂ ಸಾಕು, ಕ್ಷಣದ ಕೆಲಸ. ನಿಲ್ಲಿಸೋಕಾಗಲ್ಲ ಅಂದ್ರೆ ರಿನೇಮ್ ಆದ ಘಳಿಗೆಯಿಂದ ಹಳೆ ಕೋಡ್ ‘ಫೋನ್’ ಹುಡುಕಿ ಬೀಳುತ್ತೆ. ಆಗ ‘ಮೊಬೈಲ್’ ಕಾಲಂನ ನಲ್ ಬಿಡೋ ಹಾಗೆ ಸೇರಿಸಿ, ಕೋಡ್ ಎರಡಕ್ಕೂ ಬರೀಲಿ. ಹಳೆ ಸಾಲುಗಳನ್ನ ಪ್ರೈಮರಿ ಕೀ (ಪ್ರತಿ ಸಾಲಿನ ಗುರುತು) ಪ್ರಕಾರ 5–10 ಸಾವಿರದ ಕಂತಿನಲ್ಲಿ ತುಂಬಿಸಿ, ಪ್ರತಿ ಕಂತಿಗೂ ಕಮಿಟ್ (ಬದಲಾವಣೆ ಪಕ್ಕಾ ಮಾಡೋದು). ‘ಫೋನ್’ ಡ್ರಾಪ್ ಮಾಡೋದು ಮುಂದಿನ ರಿಲೀಸ್‌ನಲ್ಲಿ.

ಇನ್ನು ನಾಟ್ ನಲ್. ನೇರವಾಗಿ ಹಾಕಿದ್ರೆ ಇಡೀ ಟೇಬಲ್ ಓದಿ ಮುಗಿಯೋವರೆಗೂ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್. ಅಂದ್ರೆ ಬೇರೆ ಯಾರೂ ಟೇಬಲ್ ಮುಟ್ಟೋಕಾಗಲ್ಲ, ಸೆಲೆಕ್ಟ್ (ಓದೋ ಕಮಾಂಡ್) ಕೂಡ ನಿಲ್ಲುತ್ತೆ. ಬದಲಿಗೆ ‘ಮೊಬೈಲ್ ಈಸ್ ನಾಟ್ ನಲ್’ ಅನ್ನೋ ಚೆಕ್ಕನ್ನ (ನಿಯಮವನ್ನ) ನಾಟ್ ವ್ಯಾಲಿಡ್ ಅಂತ, ಅಂದ್ರೆ ಹಳೆ ಸಾಲು ಪರೀಕ್ಷಿಸದೆ ಸೇರಿಸಿ, ಆಮೇಲೆ ವ್ಯಾಲಿಡೇಟ್ ಮಾಡಿ ಹಳೆ ಸಾಲು ಪರೀಕ್ಷಿಸಿ. ವ್ಯಾಲಿಡೇಟ್ ನಡೀವಾಗ ಓದು–ಬರಹ ನಿಲ್ಲಲ್ಲ. ನಂತರ ಸೆಟ್ ನಾಟ್ ನಲ್ ಹಾಕಿದ್ರೆ, ಆವೃತ್ತಿ 12ರಿಂದ ಈಚೆಗೆ, ಆ ಚೆಕ್ಕನ್ನೇ ನಂಬಿ ಟೇಬಲ್ ಓದೋದನ್ನ ಬಿಡುತ್ತೆ. ಕೊನೆಗೆ ಚೆಕ್ ತೆಗೀರಿ.

ಪ್ರತಿ ಆಲ್ಟರ್ (ಟೇಬಲ್ ಬದಲಿಸೋ ಕಮಾಂಡ್) ಮುಂಚೆ ಲಾಕ್ ಟೈಮೌಟ್ (ಲಾಕ್‌ಗೆ ಎಷ್ಟು ಹೊತ್ತು ಕಾಯಬಹುದು ಅನ್ನೋದು) 3 ಸೆಕೆಂಡ್ ಇಡಿ. ಯಾವುದೋ ಉದ್ದದ ರಿಪೋರ್ಟ್ ಕ್ವೆರಿ ಓಡ್ತಿದ್ರೆ ಆಲ್ಟರ್ ಅದರ ಹಿಂದೆ ಕಾಯುತ್ತೆ, ಆಮೇಲೆ ಬಂದ ಕ್ವೆರಿಗಳೆಲ್ಲ ಆಲ್ಟರ್ ಹಿಂದೆ ಕಾಯ್ತವೆ. ಆಲ್ಟರ್ ಶುರುವೇ ಆಗಿರಲ್ಲ, ಆದ್ರೂ ಎಲ್ಲ ನಿಂತಿರುತ್ತೆ.

ಮಳೆಬಿಲ್ಲು: ಮೇಡಂ, ಕಾಲಂ ಹೆಸರು ಬದಲಿಸೋದು ಹೇಗೆ?

ಡಿಬಿಎ ಮೇಡಂ: ಮೇಲೆ ಬರ್ದಿದೀನಿ.

ವೇಗದೂತ: ಬೇರೆ ಗುಂಪಿಂದ ಬಂದಿದ್ದು: “ಮೈಎಸ್‌ಕ್ಯೂಎಲ್‌ನಲ್ಲಿ ಫಾರಿನ್ ಕೀ ಎರರ್ ಬಂದ್ರೆ ಫಾರಿನ್ ಕೀ ಚೆಕ್ಸ್ 0 ಮಾಡಿ, ಸ್ಕ್ರಿಪ್ಟ್ ಓಡಿಸಿ, ಮತ್ತೆ 1 ಮಾಡಿ. ಎಲ್ಲರಿಗೂ ಕಳಿಸಿ.”

ಡಿಬಿಎ ಮೇಡಂ: ಯಾರೂ ಕಳಿಸಬೇಡಿ, ಯಾರೂ ಮಾಡಬೇಡಿ. ಫಾರಿನ್ ಕೀ ಅಂದ್ರೆ ಸಾಲು ತೋರಿಸೋ ಪೇರೆಂಟ್ ಸಾಲು ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಅನ್ನೋ ನಿಯಮ, 0 ಮಾಡಿದ್ರೆ ಆ ಪರೀಕ್ಷೆ ನಿಲ್ಲುತ್ತೆ. ಮತ್ತೆ 1 ಮಾಡಿದಾಗ, ನಡುವೆ ಒಳಗೆ ಬಂದ ಸಾಲುಗಳನ್ನ ಅದು ಪರೀಕ್ಷೆ ಮಾಡಲ್ಲ. ಪೇರೆಂಟ್ ಇಲ್ಲದ ಸಾಲುಗಳು ಹಾಗೇ ಉಳೀತವೆ. ಎರರ್ ಬಂದ್ರೆ ಲೆಫ್ಟ್ ಜಾಯಿನ್ ಹಾಕಿ (ಎರಡು ಟೇಬಲ್ ಜೋಡಿಸಿ ನೋಡಿ) ಆ ಸಾಲುಗಳನ್ನ ಹುಡುಕಿ ಸರಿಮಾಡಿ.

ಕಲ್ಲುಬಂಡೆ: ಇಷ್ಟೆಲ್ಲ ಯಾಕೆ? ಬಿಗಿನ್ ಹಾಕಿ ಓಡಿಸಿ, ತಪ್ಪಾದ್ರೆ ರೋಲ್‌ಬ್ಯಾಕ್ ಮಾಡಿ (ಮೊದಲಿನಂತೆ ಮಾಡಿ). ಮುಗೀತು.

ನೀಲಿಶಾಯಿ: ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಟೇಬಲ್ ಬಂದ ತಕ್ಷಣ ತಾನಾಗೇ ಕಮಿಟ್ ಆಗುತ್ತೆ ಸ್ವಾಮಿ. ರೋಲ್‌ಬ್ಯಾಕ್‌ಗೆ ಏನು ಉಳಿದಿರುತ್ತೆ?

ಕಲ್ಲುಬಂಡೆ: 8.0ರಲ್ಲಿ ಅಟಾಮಿಕ್ ಡಿಡಿಎಲ್ (ಆಲ್ಟರ್ ತರದ ರಚನೆ ಬದಲಿಸೋ ಕಮಾಂಡ್‌ಗಳು) ಬಂದಿದೆ. ಹಳೇ ಪುರಾಣ ಬಿಡಿ.

ನೀಲಿಶಾಯಿ: ಅಟಾಮಿಕ್ ಅಂದ್ರೆ ಒಂದೊಂದು ಕಮಾಂಡ್ ಪೂರ್ತಿ ಆಗುತ್ತೆ, ಇಲ್ಲ ಆಗೋದೇ ಇಲ್ಲ ಅಂತ. 5 ಆಲ್ಟರ್‌ನಲ್ಲಿ 3ನೇದು ಬಿದ್ರೆ ಮೊದಲ 2 ಹಾಗೇ ಉಳೀತವೆ. ಓದ್ಕೊಂಡು ಮಾತಾಡಿ.

ಕಲ್ಲುಬಂಡೆ: ಮಾತಿನ ಮೇಲೆ ಹಿಡಿತ ಇರ್ಲಿ. ಇಲ್ಲಿ ಯಾರೂ ನಿಮ್ಮ ವಿದ್ಯಾರ್ಥಿಗಳಲ್ಲ.

ಡಿಬಿಎ ಮೇಡಂ: ನೀಲಿಶಾಯಿ ಹೇಳಿದ್ದು ಸರಿ. ಮೈಎಸ್‌ಕ್ಯೂಎಲ್ ಆದ್ರೆ ಒಂದು ಫೈಲ್‌ಗೆ ಒಂದೇ ಆಲ್ಟರ್. ಜಗಳ ಬೇರೆ ಕಡೆ ಇಟ್ಕೊಳ್ಳಿ.

ಗಾಳಿಪಟ: ಓಡಿದ ಫೈಲನ್ನೇ ತಿದ್ದಿದೆ, ಫ್ಲೈವೇ (ಇನ್ನೊಂದು ಮೈಗ್ರೇಷನ್ ಟೂಲ್) ಚೆಕ್‌ಸಮ್ (ಫೈಲ್ ಬದಲಾಗಿದ್ಯಾ ಅಂತ ನೋಡೋ ಸಂಖ್ಯೆ) ಎರರ್. ರಿಪೇರ್ ಕೊಟ್ರೆ ಸರಿಹೋಗುತ್ತೆ ಅಂತ ಫಾರ್ವರ್ಡ್ ಬಂದಿದೆ?

ಡಿಬಿಎ ಮೇಡಂ: ಮತ್ತೊಂದು ಫಾರ್ವರ್ಡ್. ರಿಪೇರ್ ಹಿಸ್ಟರಿ ಟೇಬಲ್‌ನ (ಓಡಿದ ಫೈಲ್‌ಗಳ ದಾಖಲೆಯ) ಚೆಕ್‌ಸಮ್ ಬದಲಿಸುತ್ತೆ, ನೀವು ತಿದ್ದಿದ ಎಸ್‌ಕ್ಯೂಎಲ್ ಓಡಿಸಲ್ಲ. ಎರರ್ ಮಾಯ, ಬದಲಾವಣೆಯೂ ಇಲ್ಲ. ಫೈಲ್ ಮೊದಲಿದ್ದ ಹಾಗೆ ಮಾಡಿ, ತಿದ್ದುಪಡಿಯನ್ನ ಹೊಸ ಫೈಲ್‌ನಲ್ಲಿ ಹಾಕಿ.

ಹಸಿರೆಲೆ: ಒರಾಕಲ್ ಪಾರ್ಟಿಷನ್ ಟೇಬಲ್ ಬಗ್ಗೆ ಕೇಳಬಹುದಾ?

ಮಳೆಬಿಲ್ಲು: ರಿನೇಮ್ ಕಮಾಂಡ್ ಯಾರಾದ್ರೂ ಕಾಪಿ ಮಾಡಿ ಹಾಕಿ ಪ್ಲೀಸ್.

ನೀಲಿಶಾಯಿ: ಮೇಲೆ ಓದೋಕೂ ಪುರುಸೊತ್ತಿಲ್ವಾ?

ಹೊಸಚಿಗುರು: ಮೇಡಂ, ಚೆಕ್ ಸೇರಿಸೋದು ಒಂದು ಫೈಲ್, ವ್ಯಾಲಿಡೇಟ್ ಇನ್ನೊಂದು ಫೈಲ್. ಒಟ್ಟಿಗೆ ಅಪ್‌ಗ್ರೇಡ್ ಕೊಡ್ಲಾ?

ಡಿಬಿಎ ಮೇಡಂ: ಬೇಡ. ಅಲೆಂಬಿಕ್ ಸುಮ್ನೆ ಬಿಟ್ರೆ ಒಂದು ಅಪ್‌ಗ್ರೇಡ್‌ನ ಎಲ್ಲ ಫೈಲ್‌ಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಕೊನೆಗೆ ಒಂದೇ ಸಲ ಕಮಿಟ್ ಆಗೋ ಗುಂಪು) ಓಡಿಸುತ್ತೆ. ಚೆಕ್ ಸೇರಿಸುವಾಗ ಹಿಡಿದ ಲಾಕ್ ಕಮಿಟ್‌ವರೆಗೂ ಬಿಡಲ್ಲ, ವ್ಯಾಲಿಡೇಟ್ ಮುಗಿಯೋವರೆಗೆ ಎಲ್ಲ ನಿಲ್ಲುತ್ತೆ. ಅಲೆಂಬಿಕ್‌ನ ಎನ್ವ್ ಫೈಲ್‌ನಲ್ಲಿ ಟ್ರಾನ್ಸಾಕ್ಷನ್ ಪರ್ ಮೈಗ್ರೇಷನ್ (ಫೈಲ್‌ಗೊಂದು ಟ್ರಾನ್ಸಾಕ್ಷನ್) ಟ್ರೂ ಮಾಡಿ, ಎಸ್‌ಕ್ಯೂಎಲ್ ಮತ್ತೆ ತೆಗೆದು ಎರಡರ ನಡುವೆ ಕಮಿಟ್ ಇದ್ಯಾ ನೋಡಿ. ಆಮೇಲೆ ಇಲ್ಲಿ ಹಾಕಿ, ಓದ್ತೀನಿ.