ಮೋಟಾರ್‌ಹೋಮ್: ಮುಂದಿನ ಎಡ ಚಕ್ರದಲ್ಲಿ ಗುಂಯ್ ಸದ್ದು, ಹಿಂದೆ ಬಲಕ್ಕೆ ವಾಲಿದೆ

ಘಾಟಿದಾರಿ:
ಮಿನಿಬಸ್ ಚಾಸಿಸ್ ಮೇಲೆ ಕಟ್ಟಿಸಿದ ಗಾಡಿ. ಹಿಂದೆ ಮುಂದೆ ಎರಡೂ ಕಡೆ ಕಮಾನ್ ಪ್ಲೇಟ್ (ಲೀಫ್ ಸ್ಪ್ರಿಂಗ್), ಮುಂದಿನ ಚಕ್ರಗಳ ನಡುಭಾಗದ ಹಬ್‌ಗಳಲ್ಲಿ ಟೇಪರ್ ರೋಲರ್ ಬೇರಿಂಗ್. ಮಳೆಗಾಲ ಪೂರ್ತಿ ನಿಂತಿತ್ತು. ಈಗ 50 ಕಿ.ಮೀ. ವೇಗ ದಾಟಿದರೆ ಮುಂದಿನ ಎಡಗಡೆ ಗುಂಯ್ ಅನ್ನುತ್ತೆ. ಬಲಕ್ಕೆ ತಿರುಗುವಾಗ ಜಾಸ್ತಿ, ಎಡಕ್ಕೆ ತಿರುಗುವಾಗ ಕಡಿಮೆ. ಹಿಂದಿನ ಬಲ ಮೂಲೆ ಎಡಕ್ಕಿಂತ 3 ಸೆಂ.ಮೀ. ತಗ್ಗಿದೆ. 120 ಲೀಟರ್ ನೀರಿನ ಟ್ಯಾಂಕ್, ಬ್ಯಾಟರಿ ಎರಡೂ ಬಲಗಡೆಯೇ. ಡಿಸೆಂಬರ್‌ನಲ್ಲಿ ಚಾರ್ಮಾಡಿ ಇಳಿಯಬೇಕು. ಹಬ್ ನಟ್ ಬಿಗಿ ಮಾಡಿ, ಬಲಕ್ಕೆ ಒಂದು ಪ್ಲೇಟ್ ಹೆಚ್ಚಿಗೆ ಹಾಕಿದರೆ ಸಾಕಾ?

ಹಬ್‌ಕೆಲಸ:
ನಟ್ ಮಾತ್ರ ಬಿಗಿ ಮಾಡಿಸಬೇಡಿ ಸರ್. ಕೆಟ್ಟ ಬೇರಿಂಗ್‌ನ ಸದ್ದು ಅದರಿಂದ ಎರಡು ದಿನ ಅಡಗಬಹುದು, ಆದರೆ ಬೇರಿಂಗ್ ಕಾದು ಹಿಡಿದುಕೊಳ್ಳುತ್ತೆ. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಕ್ಕೆ ಬೀಳುತ್ತೆ, ಆಗಲೇ ಸದ್ದು ಏರುವುದರಿಂದ ಎಡ ಬೇರಿಂಗ್ ಮೇಲೇ ಅನುಮಾನ. ಮೊದಲು ಟೈರ್ ಮೇಲೆ ಕೈಯಾಡಿಸಿ. ಉಬ್ಬುತಗ್ಗಾಗಿ ಸವೆದಿದ್ದರೆ ಅದೂ ಹೀಗೇ ಗುಂಯ್‌ಗುಡುತ್ತೆ.

ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟ ಮೇಲೆ ಚಕ್ರ ಕೈಯಿಂದ ತಿರುಗಿಸಿ. ಇನ್ನೊಂದು ಕೈ ಕಮಾನ್ ಮೇಲಿರಲಿ. ಕೆಟ್ಟಿದ್ದರೆ ಮರಳು ಅರೆದಂಥ ಅದುರು ಕೈಗೇ ಸಿಗುತ್ತೆ. ಹಬ್ ಬಿಚ್ಚಿ, ಬೇರಿಂಗ್ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ (ಏರ್ ಹೊಡೆದು ಗಿರಗಿರ ತಿರುಗಿಸಬಾರದು). ಬೇರಿಂಗ್‌ನ ಹೊರ ಬಳೆಯನ್ನು (ಕಪ್) ಬೆಳಕಿಗೆ ಹಿಡಿದು ನೋಡಿ. ರೋಲರ್‌ಗಳ ಅಂತರಕ್ಕೆ ಸರಿಯಾಗಿ ಅಡ್ಡ ಗೆರೆಗಳಿದ್ದರೆ, ಗಾಡಿ ನಿಂತಾಗ ಸೀಲ್ ದಾಟಿ ನೀರು ಹೋಗಿದೆ ಅಂತ. ನೀಲಿ ಬಣ್ಣ ತಿರುಗಿದ್ದರೆ ಕಾದಿದೆ. ಎರಡರಲ್ಲಿ ಯಾವುದಿದ್ದರೂ ಕಪ್, ಕೋನ್ (ರೋಲರ್‌ಗಳಿರುವ ಒಳ ಬಳೆ) ಜೊತೆಯಾಗೇ ಬದಲಿಸಿ. ಹಳೇ ಕಪ್‌ನಲ್ಲಿ ಹೊಸ ಕೋನ್ ಬಾಳುವುದಿಲ್ಲ. ಆಯಿಲ್ ಸೀಲ್ ಪ್ರತಿ ಸಲವೂ ಹೊಸದು.

ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್, 2ನೇ ಗ್ರೇಡ್. ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗ್‌ನ ದಪ್ಪ ತುದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ. ಇನ್ನೊಂದು ತುದಿಯಿಂದ ಗ್ರೀಸ್ ಹೊರಬರಬೇಕು. ಹಬ್ ಒಳಗೆ ಮೂರನೇ ಒಂದು ಭಾಗ ಸಾಕು, ತುಂಬ ತುರುಕಿದರೆ ಕಾಯುತ್ತೆ. ಹಳೇ ಗ್ರೀಸ್ ಪೂರ್ತಿ ತೆಗೆಯಿರಿ, ಬೇರೆ ಜಾತಿಯವು ಬೆರೆತರೆ ನೀರಾಗಿ ಹರಿಯಬಹುದು.

ಹಬ್ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಸ್ವಲ್ಪ ತಡೆ ಸಿಕ್ಕೊಡನೆ ನಿಲ್ಲಿಸಿ. ನಟ್ ಪೂರ್ತಿ ಸಡಿಲಿಸಿ, ಬೆರಳಲ್ಲಷ್ಟೇ ಬಿಗಿ ಮಾಡಿ, ಸಡಿಲದ ಕಡೆಗೇ ಮುಂದಿನ ರಂಧ್ರಕ್ಕೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಡಯಲ್ ಗೇಜ್‌ನಲ್ಲಿ ಆಟ (ಹಬ್ ಒಳಹೊರಗೆ ಅಲುಗುವ ಅಳತೆ) 0.03ರಿಂದ 0.12 ಮಿ.ಮೀ. ಸಾಮಾನ್ಯ; ನಿಮ್ಮ ಚಾಸಿಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ.

ಕಮಾನ್‌ಪಟ್ಟಿ:
ಒಂದೇ ಬದಿಗೆ ಪ್ಲೇಟ್ ಸೇರಿಸಬೇಡಿ. ಎರಡು ಬದಿಯ ಗಡಸುತನ ಬೇರೆಯಾದರೆ ಗಾಡಿ ಹಳ್ಳ ಬಿದ್ದಾಗ ಒಂದೊಂದು ಬದಿ ಒಂದೊಂದು ಥರ ಎಗರುತ್ತೆ. ಟ್ಯಾಂಕ್ ಖಾಲಿ ಮಾಡಿ ಮತ್ತೆ ಅಳೆಯಿರಿ. 120 ಲೀಟರ್ ಅಂದರೆ 120 ಕಿಲೋ, ಅದೂ ಒಂದೇ ಮೂಲೆಗೆ. ನೀರು ತುಂಬಿಸಿ, ಜನ ಕೂತು, ವೇಬ್ರಿಡ್ಜ್‌ನಲ್ಲಿ ಪೂರ್ತಿ ಗಾಡಿ, ಆಮೇಲೆ ಹಿಂದಿನ ಆಕ್ಸಲ್ ಮಾತ್ರ, ಹೀಗೆ ಎರಡು ತೂಕ ತೆಗೆಸಿ.

ಮೈನ್ ಪ್ಲೇಟಿನಲ್ಲಿ (ಕಮಾನಿನ ಅತಿ ಉದ್ದದ ಪ್ಲೇಟ್) ಸೆಂಟರ್ ಬೋಲ್ಟ್ ಸುತ್ತ ಬಿರುಕಿದೆಯಾ ನೋಡಿ. ಆ ಬೋಲ್ಟ್ ತುಂಡಾದರೆ ಆಕ್ಸಲ್ ಹಿಂದಕ್ಕೆ ಸರಿದು ಗಾಡಿ ಓರೆಯಾಗಿ ಓಡುತ್ತೆ. ಕಮಾನಿನ ತುದಿಯನ್ನು ಚಾಸಿಸ್‌ಗೆ ಸೇರಿಸುವ ಶಾಕಲ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಚಾಸಿಸ್ ಎತ್ತಿ ಭಾರ ಇಳಿಸಿ, ಇಲ್ಲದಿದ್ದರೆ ಭಾರ ಬೀಳುವ ಬದಿಗೇ ಗ್ರೀಸ್ ಹೋಗುವುದಿಲ್ಲ.

ಘಾಟಿದಾರಿ:
ಟ್ಯಾಂಕ್ ಖಾಲಿಯಾದರೆ ವ್ಯತ್ಯಾಸ 1 ಸೆಂ.ಮೀ. ಅಷ್ಟೇ.

ಕಮಾನ್‌ಪಟ್ಟಿ:
ಹಾಗಾದರೆ ಹೆಚ್ಚಿನ ಪಾಲು ನೀರಿನದೇ. ಬ್ಯಾಟರಿ ಎಡಕ್ಕೆ ಸಾಗಿಸಿ. ಉಳಿದ ವಾಲಿಕೆಗೆ ಎರಡೂ ಕಮಾನು ಬಿಚ್ಚಿಸಿ ಜೋಡಿಯಾಗಿ ಬಾಗು ಕೊಡಿಸಿ. ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದು ಹಾಕಿ, 500 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ. ಪ್ಲೇಟ್‌ಗಳು ಕೂತುಕೊಂಡಾಗ ಅದು ಸಡಿಲವಾಗುತ್ತೆ.

ಹಬ್‌ಕೆಲಸ:
ಚಕ್ರದ ನಟ್ ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ, 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ. ಟೈರಿನ ಪಕ್ಕದಲ್ಲಿರುವ DOT ಕೋಡಿನ ಕೊನೆಯ ನಾಲ್ಕು ಅಂಕೆಯನ್ನೂ ಓದಿ: 3219 ಇದ್ದರೆ 2019ರ 32ನೇ ವಾರದ್ದು, ಟ್ರೆಡ್ ಸವೆಯದೆ ಚೆನ್ನಾಗಿದ್ದರೂ ಘಾಟಿಗೆ ಬೇಡ. ಹಬ್ ಬಿಸಿ ಪರೀಕ್ಷೆಯನ್ನು ಕೊಟ್ಟಿಗೆಹಾರದಲ್ಲೇ, ಇಳಿಯುವ ಮೊದಲು ಮಾಡಿ. ಎಡ ಬಲ ಎರಡೂ ಹಬ್ ಮುಟ್ಟಿ ಹೋಲಿಸಿ. ಕೆಳಗೆ ಉಜಿರೆಯಲ್ಲಿ ಮುಟ್ಟಿದರೆ ಬ್ರೇಕಿನ ಬಿಸಿಯೂ ಸೇರಿರುತ್ತೆ, ಬೇರಿಂಗ್ ವಿಷಯ ಗೊತ್ತಾಗುವುದಿಲ್ಲ.