ಹಳತಾದ ದೊಡ್ಡ ಕ್ರೀಡಾಂಗಣಕ್ಕೆ ನಗರಸಭೆ ಹಣ ಹಾಕುತ್ತಲೇ ಇರಬೇಕೆ?

ಪ್ರಶ್ನೆ ಕೇಳಿದವರು: ಗಜನಿಯ ದಂಡೆಯವನು

ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡ ಕರಾವಳಿಯ ಒಂದು ಪೇಟೆ. ಈ ಪ್ರಶ್ನೆ ಒಂದೇ ಊರಿಗೆ ಸೇರಿದ್ದಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಊರಂಚಿನ ಗಜನಿಗೆ, ಅಂದರೆ ಹೊಳೆಯ ಉಪ್ಪುನೀರು ಏರಿಬರುವ ತಗ್ಗು ಭೂಮಿಗೆ, ಕೆಂಪು ಮಣ್ಣು ತುಂಬಿ ಇಲ್ಲಿ ಒಂದು ಕ್ರೀಡಾಂಗಣ ಕಟ್ಟಿದರು. ಮೂರು ಬದಿಗೆ ಸಿಮೆಂಟಿನ ಗ್ಯಾಲರಿ, ನಾಲ್ಕನೆಯ ಬದಿಗೆ ಪೆವಿಲಿಯನ್. ಪೇಟೆಯವರೆಲ್ಲ ಮನೆಗೆ ಬೀಗ ಹಾಕಿ ಬಂದು ಕುಳಿತರೂ ಮೇಲಿನ ಸಾಲುಗಳು ಖಾಲಿ ಉಳಿಯುತ್ತವೆ, ಅಷ್ಟು ದೊಡ್ಡದು. ಅದು ತುಂಬಿದ್ದನ್ನು ನಾನು ಕಂಡಿದ್ದು ಒಮ್ಮೆ ಮಾತ್ರ, ಉದ್ಘಾಟನೆಯ ದಿನ.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅದಕ್ಕೆ ತೇಪೆ ಹಾಕಿಸುತ್ತಾರೆ, ಬಣ್ಣ ಬಳಿಸುತ್ತಾರೆ. ಮರುವರ್ಷದ ಮಳೆಗೆ ಎರಡೂ ಉದುರುತ್ತವೆ. ಕಳೆದ ಆಗಸ್ಟಿನಲ್ಲಿ ಶಾಲಾ ಕ್ರೀಡಾಕೂಟದ ದಿನ ಮಳೆ ಬಂದು ಮಕ್ಕಳು ಗ್ಯಾಲರಿಯ ಕೆಳಗೆ ನಿಂತಿದ್ದಾಗ, ತಲೆಯ ಮೇಲಿನ ಸ್ಲ್ಯಾಬಿನಿಂದ ಊಟದ ತಟ್ಟೆಯಷ್ಟು ಅಗಲದ ಸಿಮೆಂಟಿನ ಚಕ್ಕೆಯೊಂದು ಕಳಚಿ ಬಿತ್ತು. ದೇವರ ದಯೆ, ಯಾರಿಗೂ ತಾಗಲಿಲ್ಲ. ನನ್ನ ಮಗಳು ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಆ ಚಕ್ಕೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ; ಅದರ ಒಳಮೈಗೆ ಸರಳಿನ ಅಚ್ಚು ಹಾಗೆಯೇ ಮೂಡಿತ್ತು, ಅಚ್ಚಿನ ತುಂಬ ಕಂದು ಬಣ್ಣದ ತುಕ್ಕಿನ ಪುಡಿ.

ಈ ಬಾರಿ ಇಡೀ ಗ್ಯಾಲರಿಯ ದುರಸ್ತಿ ಮತ್ತು ಪೆವಿಲಿಯನ್ನಿನ ಹೊಸ ಚಾವಣಿಗೆ ಎಸ್ಟಿಮೇಟ್ ತಯಾರಾಗಿದೆ. ಅದೇ ಹಣದಲ್ಲಿ ನಮ್ಮ ಭಾಗದ ಎಲ್ಲ ಚರಂಡಿಗಳನ್ನೂ ಕಟ್ಟಿ ಮುಗಿಸಬಹುದು. ಬಜೆಟ್ ಪೂರ್ವಭಾವಿ ಸಭೆಯಲ್ಲಿ ಸಾರ್ವಜನಿಕರಿಗೂ ಮಾತಾಡಲು ಅವಕಾಶವಿರುವುದರಿಂದ ಎದ್ದು ನಿಲ್ಲಬೇಕೆಂದಿದ್ದೇನೆ. ಆದರೆ ಏನು ಹೇಳಲಿ? ದುರಸ್ತಿ ಬೇಡವೆಂದರೆ ಮಕ್ಕಳ ಆಟಕ್ಕೆ ಕಲ್ಲು ಹಾಕಿದವನಾಗುತ್ತೇನೆ. ಬೇಕೆಂದರೆ ವರ್ಷ ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸಕ್ಕೆ ಕೈಯೆತ್ತಿದಂತಾಗುತ್ತದೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಕಟ್ಟಡ ಕೆಲಸದವನು, ಕುಮಟಾ

ನಾನು ಸಿವಿಲ್ ಎಂಜಿನಿಯರ್. ಇಪ್ಪತ್ತು ವರ್ಷಗಳಿಂದ ಈ ಕರಾವಳಿಯಲ್ಲಿಯೇ ಕೆಲಸ ಮಾಡುತ್ತಿದ್ದೇನೆ. ನೀವು ಕೈಯಲ್ಲಿ ಹಿಡಿದ ಆ ಚಕ್ಕೆ ಬಹಳಷ್ಟನ್ನು ಹೇಳುತ್ತದೆ.

ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದಾಗ ಮೊದಲಿದ್ದ ಗಾತ್ರಕ್ಕಿಂತ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಆ ಉಬ್ಬರಕ್ಕೆ ಸುತ್ತಲಿನ ಕಾಂಕ್ರೀಟ್ ಒಳಗಿನಿಂದಲೇ ಸೀಳಿ ಹೊರಗೆ ಉದುರುತ್ತದೆ. ನಮ್ಮಲ್ಲಿ ಸಮುದ್ರದ ಗಾಳಿ ತರುವ ಉಪ್ಪು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಸರಳಿನ ಮೇಲಿನ ರಕ್ಷಣಾ ಪದರವನ್ನು ಒಡೆಯುತ್ತದೆ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಉಳಿದ ಕೆಲಸವನ್ನು ಮಾಡುತ್ತದೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ, 2000ದ ಪರಿಷ್ಕರಣೆಯಂತೆ, ಕರಾವಳಿಯ ವಾತಾವರಣವನ್ನು ತೀವ್ರ ವರ್ಗಕ್ಕೆ ಸೇರಿಸಿ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆಯನ್ನೂ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟನ್ನೂ ಕೇಳುತ್ತದೆ. ಅದಕ್ಕಿಂತ ಹಿಂದೆ ಕಟ್ಟಿದ ಸ್ಲ್ಯಾಬುಗಳನ್ನು ಒಡೆದು ನೋಡಿದಾಗ 15ರಿಂದ 20 ಮಿಲಿಮೀಟರ್ ಹೊದಿಕೆ ಕಾಣುವುದು ನನ್ನ ಅನುಭವದಲ್ಲಿ ಸಾಮಾನ್ಯ. ಗ್ಯಾಲರಿಯ ಪರಿಸ್ಥಿತಿ ಇನ್ನೂ ಕೆಟ್ಟದ್ದು, ಏಕೆಂದರೆ ಅದಕ್ಕೆ ಚಾವಣಿಯೇ ಇಲ್ಲ. ಮಳೆ ನೇರವಾಗಿ ಮೆಟ್ಟಿಲಿನ ಮೇಲೆ ಬಿದ್ದು, ಮೂಲೆಗಳಲ್ಲಿ ನಿಂತು, ಕೆಳಗಿನ ಬೀಮಿಗೆ ಇಳಿಯುತ್ತದೆ.

ಆದ್ದರಿಂದ ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಯುವುದು ದುರಸ್ತಿಯಲ್ಲ. ಉಪ್ಪು ತಿಂದ ಹಳೆಯ ಕಾಂಕ್ರೀಟ್ ತೇಪೆಯ ಸುತ್ತ ಹಾಗೆಯೇ ಉಳಿದರೆ ಅಲ್ಲಿ ತುಕ್ಕು ಇನ್ನಷ್ಟು ಬೇಗ ಹಿಡಿಯುತ್ತದೆ. ಸಭೆಯಲ್ಲಿ ನೀವು ಮೊದಲು ಕೇಳಬೇಕಾದದ್ದು ಹಣವನ್ನು ಕೊಡಬೇಕೋ ಬೇಡವೋ ಎಂದಲ್ಲ. ಎಸ್ಟಿಮೇಟ್ ಬರೆಯುವ ಮೊದಲು ಕಟ್ಟಡದ ದೃಢತೆಯ ಪರೀಕ್ಷೆ ಆಗಿದೆಯೇ ಎಂದು. ಕೋರ್, ಅಂದರೆ ಕೊರೆದ ತುಂಡು, ತೆಗೆದು ಕಾಂಕ್ರೀಟಿನ ಬಲ ನೋಡಬೇಕು, ಎಷ್ಟು ಆಳದವರೆಗೆ ಉಪ್ಪು ಇಳಿದಿದೆಯೆಂದು ಅಳೆಯಬೇಕು, ಸರಳಿಗೆ ತುಕ್ಕು ಹಿಡಿಯುತ್ತಿರುವ ಸಂಭವ ಎಲ್ಲೆಲ್ಲಿ ಹೆಚ್ಚೆಂದು ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆಯಿಂದ ತಿಳಿಯಬೇಕು. ಈ ಪರೀಕ್ಷೆಗಳಿಗೆ ತಗಲುವ ವೆಚ್ಚ ದುರಸ್ತಿಯ ವೆಚ್ಚದ ಮುಂದೆ ಬಹಳ ಚಿಕ್ಕದು. ವರದಿ ಬರುವ ತನಕ ಆ ಗ್ಯಾಲರಿಯ ಕೆಳಗೆ ಒಂದು ಮಗುವೂ ನಿಲ್ಲದಂತೆ ಹಗ್ಗ ಕಟ್ಟಿಸಿ. ಇದನ್ನು ನಾಳೆಯೇ ಮಾಡಿಸಿ, ಸಭೆಗಾಗಿ ಕಾಯಬೇಡಿ.

ಉತ್ತರ: ದೈಹಿಕ ಶಿಕ್ಷಕಿ, ಶಿರಸಿ

ಕ್ರೀಡಾಂಗಣ ಎಂಬ ಶಬ್ದದಲ್ಲಿ ಅಂಗಣವಿದೆ, ಗ್ಯಾಲರಿಯಿಲ್ಲ. ಇಪ್ಪತ್ತಾರು ವರ್ಷಗಳಿಂದ ಮಕ್ಕಳನ್ನು ಓಡಿಸುತ್ತಿರುವ ನಾನು ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಕ್ರೀಡೆಗೆಂದು ಬಂದ ಹಣದ ದೊಡ್ಡ ಪಾಲು ಕೂರುವವರ ಜಾಗಕ್ಕೆ ಹೋಗಿ, ಓಡುವವರ ಕಾಲಡಿಗೆ ಏನೂ ಉಳಿಯದಿದ್ದುದನ್ನು ಹಲವು ಕಡೆ ನೋಡಿದ್ದೇನೆ.

ನಮ್ಮ ಶಾಲಾ ಕ್ರೀಡಾಕೂಟಗಳು ನಡೆಯುವುದೇ ಆಗಸ್ಟ್, ಸೆಪ್ಟೆಂಬರಿನಲ್ಲಿ. ಬೆಳಿಗ್ಗೆ ಆರಕ್ಕೆ ಹೋಗಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತೇವೆ. ಒಂಬತ್ತಕ್ಕೆ ಒಂದು ಮಳೆ ಬಂದರೆ ಗೆರೆಗಳು ಕರಗಿ ಹೋಗಿರುತ್ತವೆ, ಮತ್ತೆ ಎಳೆಯುತ್ತೇವೆ. ಉದ್ದ ಜಿಗಿತದ ಹೊಂಡದಲ್ಲಿ ಮರಳಿನ ಮೇಲೆ ನೀರು ನಿಂತು ಹುಡುಗಿಯರು ಜಿಗಿದಾಗ ಮೊಣಕಾಲಿನವರೆಗೆ ಕೆಸರು ಹಾರುತ್ತದೆ, ಬಿದ್ದ ಗುರುತು ಟೇಪು ಹಿಡಿಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಎರಡು ವರ್ಷಗಳ ಹಿಂದೆ ಒಬ್ಬ ಹುಡುಗಿಯ ಅತ್ಯುತ್ತಮ ಜಿಗಿತ ಹೀಗೆಯೇ ಅಳತೆಗೆ ಸಿಗಲಿಲ್ಲ. ಅವಳು ಅತ್ತಳು, ಸಮಾಧಾನ ಮಾಡಲು ನನ್ನ ಬಳಿ ಮಾತಿರಲಿಲ್ಲ. ಆ ಹೊಂಡದ ತಳಕ್ಕೆ ಜಲ್ಲಿ ಹಾಕಿ, ನೀರು ಹೊರಗೆ ಹೋಗಲು ಒಂದು ಪೈಪು ಇಟ್ಟಿದ್ದರೆ ಸಾಕಿತ್ತು.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಆಫ್ರಿಕಾ ಮೂಲದ ನಮ್ಮ ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಆರಿಸಿ ವಸತಿ, ಊಟ, ತರಬೇತಿ ಕೊಟ್ಟಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನಂಚಿನ ಮನೆಗಳಿಂದ ಹೋದ ಮಕ್ಕಳು ಕೆಲವೇ ವರ್ಷಗಳಲ್ಲಿ ರಾಷ್ಟ್ರ ಮಟ್ಟದಲ್ಲಿ, ಅದರಾಚೆಗೂ ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು. ಆ ಮಕ್ಕಳನ್ನು ಮೇಲೆತ್ತಿದ್ದು ತರಬೇತುದಾರರು, ಮೊಟ್ಟೆ, ಹಾಲು, ಶೂ ಮತ್ತು ದಿನವೂ ತಪ್ಪದ ಅಭ್ಯಾಸ. ಅದು ನಿಂತಾಗ ಎಲ್ಲವೂ ನಿಂತಿತು.

ಹಾಗೆಂದು ನಿಮ್ಮ ಊರಿನ ಮೈದಾನವನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಸೇನೆಯ ನೇಮಕಾತಿಗೆ, ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗರು 1600 ಮೀಟರ್ ಓಡಿ ಅಭ್ಯಾಸ ಮಾಡಬೇಕಾದರೆ ಅಳತೆಯ 400 ಮೀಟರ್ ಟ್ರ್ಯಾಕ್ ಬೇಕೇ ಬೇಕು. ಹೆದ್ದಾರಿಯ ಬದಿಯಲ್ಲಿ ನಸುಕಿನಲ್ಲಿ ಓಡುವ ಮಕ್ಕಳನ್ನು ಕಂಡಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಕಬಡ್ಡಿ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ವಾಲಿಬಾಲಿಗೆ 18 ಮತ್ತು 9. ಗ್ಯಾಲರಿಯ ಒಂದು ಬದಿಯನ್ನು ತೆಗೆದರೂ ಇಂಥ ಎಷ್ಟೋ ಅಂಕಣಗಳಿಗೆ ಜಾಗ ಸಿಗುತ್ತದೆ. ಮಳೆಗಾಲದಲ್ಲಿ ಆಡಲು ಅವುಗಳ ಪೈಕಿ ಎರಡಕ್ಕೆ ಮಾಡು ಹಾಕಿಸಿ.

ಉತ್ತರ: ಕಾರವಾರದ ವಕೀಲ

ಅಕ್ಕೋರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಕ್ರೀಡಾಂಗಣ ದೊಡ್ಡದಾಯಿತು, ಖರ್ಚು ಹೆಚ್ಚಾಯಿತು ಎಂಬ ವಾದವನ್ನು ಸಭೆಯಲ್ಲಿ ಒಮ್ಮೆ ಇಟ್ಟರೆ ಅದನ್ನು ಬೇರೆಯವರು ಬೇರೆ ಉದ್ದೇಶಕ್ಕೆ ಎತ್ತಿಕೊಳ್ಳಬಹುದು. ಪೇಟೆಯ ನಡುವೆ ಅಥವಾ ಅಂಚಿನಲ್ಲಿ ಅಷ್ಟು ದೊಡ್ಡ ಜಾಗ ಇನ್ನೆಲ್ಲಿ ಸಿಗುತ್ತದೆ? ವಾಣಿಜ್ಯ ಮಳಿಗೆ ಕಟ್ಟೋಣ, ಬಾಡಿಗೆ ಬರುತ್ತದೆ ಎಂಬ ಸಲಹೆ ಮರುದಿನವೇ ಬರುತ್ತದೆ. ಹಾಗಾಗಿ ಗ್ಯಾಲರಿಯ ಪ್ರಶ್ನೆಯನ್ನೂ ಜಾಗದ ಪ್ರಶ್ನೆಯನ್ನೂ ಮೊದಲೇ ಬೇರೆ ಮಾಡಿಟ್ಟು ಮಾತಾಡಿ.

ಜಾಗದ ರಕ್ಷಣೆಗೆ ಕಾನೂನಿನ ಬಲವಿದೆ. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟ ಬೆಂಗಳೂರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ಹಂಚಿಕೆಯನ್ನು ಒಪ್ಪಲಿಲ್ಲ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ಆಟದ ಬಯಲು ಒದಗಿಸುವುದು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿಯೇ ಇದೆ. ಮೊದಲು ಪಹಣಿ ತೆಗೆಸಿ, ಜಾಗ ನಗರಸಭೆಯದೋ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದೋ, ಕಂದಾಯ ಇಲಾಖೆಯದೋ ನೋಡಿ. ನಗರಸಭೆಯದಲ್ಲದ ಆಸ್ತಿಗೆ ನಗರಸಭೆ ಖರ್ಚು ಮಾಡುತ್ತಿದ್ದರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಹಣದ ಮೂಲವನ್ನೂ ಕೇಳಿ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಸಣ್ಣ ನಗರಗಳಿಗೆ ಬಂದುದರ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದನ್ನು ಗ್ಯಾಲರಿಗೆ ಮುಟ್ಟುವಂತಿರಲಿಲ್ಲ. ಹಾಗಾಗಿ ದುರಸ್ತಿಯ ಹೊರೆ ಬೀಳುವುದು ಇಂಥದ್ದಕ್ಕೇ ಎಂದು ಮೀಸಲಿಡದ ಮುಕ್ತ ಅನುದಾನದ ಮೇಲೆ, ಇಲ್ಲವೇ ಜನ ಕಟ್ಟಿದ ಆಸ್ತಿ ತೆರಿಗೆಯ ಮೇಲೆ. ರಸ್ತೆಯ ಹೊಂಡ, ಬೀದಿದೀಪ ಎಲ್ಲವೂ ಕೈಚಾಚುವುದು ಅದೇ ಹಣಕ್ಕೆ.

ಉತ್ತರ: ಸದಾಶಿವಗಡದ ಓದುಗ

ಈ ಕಷ್ಟ ನಮ್ಮ ಊರುಗಳದಷ್ಟೇ ಅಲ್ಲ. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗಾಗಿ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ, ಅಂದರೆ ಮೂವತ್ತು ವರ್ಷಗಳ ನಂತರ. ಅದಕ್ಕಾಗಿ ತಂಬಾಕಿನ ಮೇಲೆ ತೆರಿಗೆಯನ್ನೂ ಹಾಕಬೇಕಾಯಿತು. ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡ 2004ರಲ್ಲಿ ಊರನ್ನೇ ಬಿಟ್ಟಿತು. ಚಾವಣಿ ಹರಿದು ಹರಿದು, 2024ರಲ್ಲಿ ಅದನ್ನು ಬದಲಿಸಲೆಂದೇ 87 ಕೋಟಿ ಕೆನಡಾ ಡಾಲರ್ ಕೊಡುವುದಾಗಿ ಅಲ್ಲಿನ ಪ್ರಾಂತ್ಯ ಸರ್ಕಾರ ಘೋಷಿಸಿತು. ಕೆಡವಲು ಅದಕ್ಕಿಂತ ಹೆಚ್ಚು ಬೇಕಾಗುತ್ತದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1965ರಲ್ಲಿ ತೆರೆದ ಆಸ್ಟ್ರೋಡೋಮ್ ಖಾಲಿ ಬಿದ್ದಾಗ, ಅದನ್ನು ನವೀಕರಿಸಲು 21.7 ಕೋಟಿ ಡಾಲರ್ ಸಾಲ ಎತ್ತಬಹುದೇ ಎಂದು 2013ರಲ್ಲಿ ಮತದಾರರನ್ನೇ ಕೇಳಿದರು. ಜನ ಬೇಡವೆಂದರು. ಆದರೂ ಕೆಡವಲಿಲ್ಲ, ಪಾರಂಪರಿಕ ಕಟ್ಟಡವೆಂದು ಉಳಿಸಿಕೊಂಡರು.

ಲಂಡನ್ನಿನವರು 2012ರ ಒಲಿಂಪಿಕ್ಸಿಗೆ ಕಟ್ಟುವಾಗಲೇ, ಕೂಟ ಮುಗಿದ ಮೇಲೆ ಮೇಲಿನ ಸಾಲುಗಳನ್ನು ಬಿಚ್ಚಿ ತೆಗೆಯಬಹುದಾದಂತೆ ವಿನ್ಯಾಸ ಮಾಡಿದ್ದರು. ನಿಮ್ಮಲ್ಲಿ ಆ ಅನುಕೂಲವಿಲ್ಲ, ಆದರೆ ಗಾತ್ರ ಕಡಿಮೆ ಮಾಡುವುದು ಸೋಲಲ್ಲ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಒಂದು ಕಾಲಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುತ್ತಿದ್ದರು. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಫುಟ್‌ಬಾಲಿಗಾಗಿ ಕುರ್ಚಿಗಳನ್ನು ಹಾಕಿ ಆ ಸಂಖ್ಯೆಯನ್ನು ಇಳಿಸಿದರು. ಫುಟ್‌ಬಾಲನ್ನು ಅಷ್ಟು ಪ್ರೀತಿಸುವ ಊರೇ ಇಳಿಸಬಹುದಾದರೆ ನಮಗೇನು ಅಡ್ಡಿ?

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಕ್ರೀಡಾಂಗಣಕ್ಕೆ ಹೋಗಿ ಇಡೀ ಸುತ್ತು ನಡೆದು ಬಂದೆ. ನಾನು ಇಷ್ಟು ದಿನ ನೋಡಿಯೂ ನೋಡದಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು: ಇದ್ದ ಜನರಲ್ಲಿ ಒಬ್ಬರೂ ಗ್ಯಾಲರಿಯಲ್ಲಿರಲಿಲ್ಲ. ವಯಸ್ಸಾದವರು ಟ್ರ್ಯಾಕಿನ ಅಂಚಿನಲ್ಲಿ ನಡೆಯುತ್ತಿದ್ದರು, ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದರು, ನೇಮಕಾತಿಗೆ ತಯಾರಾಗುತ್ತಿದ್ದ ನಾಲ್ವರು ಮೊಬೈಲಿನಲ್ಲಿ ಸಮಯ ಹಿಡಿದು ಓಡುತ್ತಿದ್ದರು. ಪೂರ್ವದ ಗ್ಯಾಲರಿಯ ಕೆಳಗೆ ಹಗ್ಗ ಕಟ್ಟಲು ಅಧಿಕಾರಿಗಳು ಒಪ್ಪಿದ್ದಾರೆ. ಇವತ್ತು ಬೆಳಿಗ್ಗೆ ಕಟ್ಟಿದ್ದನ್ನು ನೋಡಿ ಬಂದೆ.

ಸಭೆಯಲ್ಲಿ ಇಷ್ಟನ್ನು ಕೇಳುತ್ತೇನೆ. ಪರೀಕ್ಷೆಯ ವರದಿಯಿಲ್ಲದೆ ಗ್ಯಾಲರಿಗೆ ಟೆಂಡರ್ ಕರೆಯಬಾರದು. ಪೆವಿಲಿಯನ್ ಮತ್ತು ಅದರ ಎರಡು ಪಕ್ಕದ ಕೆಲವು ಸಾಲುಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಇಳಿಸಲು ಎಷ್ಟು ವೆಚ್ಚವಾಗುತ್ತದೆಂದು ಪ್ರತ್ಯೇಕ ಎಸ್ಟಿಮೇಟ್ ಬೇಕು. ಜಾಗ ಆಟದ ಬಯಲಾಗಿಯೇ ಉಳಿಯುತ್ತದೆಂದು ಠರಾವಿನಲ್ಲಿ ಮೊದಲ ಸಾಲಾಗಿ ಬರೆಯಬೇಕು. ಟ್ರ್ಯಾಕಿನ ಸುತ್ತಲಿನ ಚರಂಡಿಗೂ ಜಿಗಿತದ ಹೊಂಡಕ್ಕೂ ಈ ವರ್ಷದ ಬಜೆಟ್ಟಿನಲ್ಲಿಯೇ ಹಣ ಇಡಬೇಕು. ಕಳೆದ ಐದು ವರ್ಷಗಳ ತೇಪೆಯ ಖರ್ಚು ಎಷ್ಟೆಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯನ್ನು ಇವತ್ತೇ ಕೊಟ್ಟಿದ್ದೇನೆ.

ಎಂಜಿನಿಯರ್ ಸರ್, ಒಂದು ಸಂದೇಹ. ಕೆಡವಿದ ಕಾಂಕ್ರೀಟನ್ನು ಎಲ್ಲಿಗೆ ಒಯ್ಯುವುದು? ಗಜನಿಗೆ ಸುರಿದರೆ ಹೊಳೆಯ ನೀರಿನ ದಾರಿ ಕಟ್ಟುತ್ತದೆ.

ಉತ್ತರ: ಕಟ್ಟಡ ಕೆಲಸದವನು, ಕುಮಟಾ

ಗಜನಿಗೆ ಒಂದು ಬುಟ್ಟಿಯನ್ನೂ ಸುರಿಯಲು ಬಿಡಬೇಡಿ. ಸರಳನ್ನು ಬಿಡಿಸಿ ಗುಜರಿಗೆ ಕೊಟ್ಟರೆ ಕೆಡವುವ ಖರ್ಚಿನ ಒಂದು ಭಾಗ ಅಲ್ಲಿಯೇ ಹುಟ್ಟುತ್ತದೆ. ಕಾಂಕ್ರೀಟನ್ನು ಒಡೆದು ಜಲ್ಲಿಯ ಗಾತ್ರಕ್ಕೆ ತಂದರೆ ನಡಿಗೆಯ ದಾರಿಯ ಅಡಿಪಾಯಕ್ಕೆ ಹಾಕಬಹುದು. ಉಪ್ಪು ತಿಂದದ್ದಾದ್ದರಿಂದ ಹೊಸ ಸರಳು ಇರುವ ಕಾಂಕ್ರೀಟಿಗೆ ಮಾತ್ರ ಬೆರೆಸಬಾರದು. ಈ ಷರತ್ತುಗಳನ್ನು ಟೆಂಡರಿನಲ್ಲಿಯೇ ಬರೆಸಿ. ಕೆಲಸವನ್ನು ನವೆಂಬರಿನಲ್ಲಿ ಶುರು ಮಾಡಿ ಮೇ ಮೊದಲ ವಾರದೊಳಗೆ ಮುಗಿಸುವಂತೆ ಇರಲಿ, ಮಳೆ ಹಿಡಿದ ಮೇಲೆ ಆ ಮಣ್ಣಿನಲ್ಲಿ ಯಂತ್ರ ಇಳಿಯುವುದಿಲ್ಲ. ಎಸ್ಟಿಮೇಟಿನ ಪ್ರತಿ ಸಿಕ್ಕರೆ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.