ಟಿಕಿಂಟರ್ ವಿಂಡೋಗೆ ನಮ್ಮದೇ ಐಕಾನ್: ಮಾಡಿ ನೋಡಿದವರು ಹೇಳುತ್ತೀರಾ?

ಪೆರ್ಲದಿಂದ ಒಬ್ಬ ಟೀಚರ್:
ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಒತ್ತಕ್ಷರ ಕಲಿಸಲು ಪೈಥಾನಿನ ವಿಂಡೋ ಮಾಡುವ ಲೈಬ್ರರಿ ಟಿಕಿಂಟರ್‌ನಲ್ಲಿ ಸಣ್ಣ ಆಟ ಬರೆದಿದ್ದೇನೆ. ಮನೆಯ ವಿಂಡೋಸ್‌ನಲ್ಲಿ ಮೇಲ್ಗಡೆ ನನ್ನ ಐಕಾನ್ ಬರುತ್ತದೆ, ಟಾಸ್ಕ್‌ಬಾರ್‌ನಲ್ಲಿ ಮಾತ್ರ ಪೈಥಾನ್‌ನದ್ದೇ. ಶಾಲೆಯಲ್ಲಿರುವ, ಕೇರಳದ ಶಾಲೆಗಳಿಗೆಂದೇ ಮಾಡಿದ ಕೈಟ್ ಲಿನಕ್ಸ್‌ನಲ್ಲಿ ಆಟ ತೆರೆಯುವುದೇ ಇಲ್ಲ. 'ಬಿಟ್‌ಮ್ಯಾಪ್ ನಾಟ್ ಡಿಫೈನ್ಡ್' ಎಂದು ನಿಲ್ಲುತ್ತದೆ. ಏನು ಮಾಡಲಿ?

ಕುಂಬಳೆಯಿಂದ:
ಟೀಚರ್, ನೀವು ಐಕಾನ್ ಹಾಕುವ ಫಂಕ್ಷನ್ ಆದ ಐಕಾನ್‌ಬಿಟ್‌ಮ್ಯಾಪ್‌ಗೆ ಐಸಿಒ (ವಿಂಡೋಸ್ ಐಕಾನ್) ಫೈಲ್ ಕೊಟ್ಟಿರಬೇಕು, ಅಲ್ವಾ? ಅದು ವಿಂಡೋಸ್‌ನಲ್ಲಿ ನಡೆಯುತ್ತದೆ, ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಆ ಸಾಲು ತೆಗೆದುಬಿಡಿ. ಪಿಎನ್‌ಜಿ ಚಿತ್ರವನ್ನು ಫೋಟೋಇಮೇಜ್‌ನಲ್ಲಿ ತೆರೆದು ಐಕಾನ್‌ಫೋಟೋಗೆ ಕೊಡಿ. ಟಿಕಿಂಟರ್ ಒಳಗೆ ಬಳಸುವ ಟಿಕೆ, 8.6ರಿಂದ ಪಿಎನ್‌ಜಿ ನೇರವಾಗಿ ಓದುತ್ತದೆ, ಹಾಗಾಗಿ ಎರಡೂ ಕಡೆ ಒಂದೇ ಕೋಡ್ ಸಾಕು. ಐಕಾನ್‌ಫೋಟೋದ ಬ್ರಾಕೆಟ್‌ನಲ್ಲಿ ಮೊದಲಿಗೆ ಟ್ರೂ ಎಂದು ಕೊಟ್ಟರೆ ಆಮೇಲೆ ತೆರೆಯುವ ವಿಂಡೋಗಳಿಗೂ ಅದೇ ಐಕಾನ್ ಸಿಗುತ್ತದೆ.

ಇನ್ನೊಂದು, ಸುಮ್ನೆ ಫೈಲಿನ ಹೆಸರು ಮಾತ್ರ ಬರೆಯಬೇಡಿ. ಬೇರೆ ಫೋಲ್ಡರಿನಿಂದ ಆಟ ಶುರು ಮಾಡಿದರೆ ಚಿತ್ರ ಸಿಗುವುದಿಲ್ಲ. ಪ್ರೋಗ್ರಾಂ ಇರುವ ಫೋಲ್ಡರಿನಿಂದಲೇ ಪಾತ್ ಕಟ್ಟಿ. ಲ್ಯಾಬಿನಲ್ಲಿ ಮಕ್ಕಳು ಎಲ್ಲಿಂದ ತೆರೆಯುತ್ತಾರೆ ಎಂದು ಹೇಳಲಾಗುವುದಿಲ್ಲ.

ಮಂಜೇಶ್ವರದಿಂದ:
ಟಾಸ್ಕ್‌ಬಾರ್ ವಿಷಯ ಬೇರೆ. ವಿಂಡೋಸ್ ನಿಮ್ಮ ಆಟವನ್ನು ಪೈಥಾನ್‌ನ ಗುಂಪಿಗೇ ಸೇರಿಸುತ್ತದೆ. ಅದಕ್ಕೆ ಬೇರೆ ಗುರುತು ಕೊಡಬೇಕು. ವಿಂಡೋ ಮಾಡುವ ಮೊದಲೇ ಸಿಟೈಪ್ಸ್ (ಪೈಥಾನ್‌ನಿಂದ ವಿಂಡೋಸ್‌ನ ಫಂಕ್ಷನ್ ಕರೆಯುವ ಮಾಡ್ಯೂಲ್) ಮೂಲಕ ವಿಂಡೋಸ್‌ನ ಶೆಲ್32 ಲೈಬ್ರರಿಯಲ್ಲಿರುವ ಆ್ಯಪ್ ಯೂಸರ್ ಮಾಡೆಲ್ ಐಡಿ ಸೆಟ್ ಮಾಡುವ ಫಂಕ್ಷನ್ ಕರೆಯಿರಿ. ವಿಂಡೋಸ್ 7ರಿಂದ ಇದು ಇದೆ. ಲಿನಕ್ಸ್‌ನಲ್ಲಿ ಈ ಸಾಲು ಎರರ್ ಕೊಡುತ್ತದೆ, ಹಾಗಾಗಿ ವಿಂಡೋಸ್ ಆಗಿದ್ದರೆ ಮಾತ್ರ ಓಡುವಂತೆ ಇಫ್ ಹಾಕಿ.

ಬದಿಯಡ್ಕದಿಂದ:
ಕೋಡ್ ಆಯಿತು, ಚಿತ್ರದ ಕಡೆಗೂ ಸ್ವಲ್ಪ ನೋಡಿ. ಟೈಟಲ್ ಬಾರ್‌ನಲ್ಲಿ ಐಕಾನ್‌ಗೆ ಸಿಗುವುದು ಸಾಮಾನ್ಯವಾಗಿ 16×16 ಪಿಕ್ಸೆಲ್. ಒತ್ತಕ್ಷರದ ಆಟ ಎಂದು 'ಷ್ಟ್ರ' ಹಾಕಿದರೆ ಅಷ್ಟು ಜಾಗದಲ್ಲಿ ಬರೀ ಕಪ್ಪು ಮುದ್ದೆ. ಒತ್ತು ಇಲ್ಲದ ಒಂದೇ ಅಕ್ಷರ, ದಪ್ಪ ಗೆರೆ, ಹಿಂದೆ ಒಂದೇ ಬಣ್ಣ ಇರಲಿ. 'ಕ' ಚೆನ್ನಾಗಿ ಕಾಣುತ್ತದೆ. ದೊಡ್ಡ ಚಿತ್ರವನ್ನು ಕುಗ್ಗಿಸುವುದಕ್ಕಿಂತ 16, 32, 48 ಅಳತೆಗೆ ಬೇರೆ ಬೇರೆ ಬಿಡಿಸಿ. ಐಕಾನ್‌ಫೋಟೋಗೆ ಮೂರನ್ನೂ ಒಟ್ಟಿಗೆ ಕೊಡಬಹುದು.

ಮುಂದೆ ಪೈಇನ್‌ಸ್ಟಾಲರ್‌ನಲ್ಲಿ ಇಎಕ್ಸ್‌ಇ (ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುವ ಫೈಲ್) ಮಾಡುವುದಾದರೆ ಅಲ್ಲಿ ಕೊಡುವ ಐಕಾನ್ ಆ ಇಎಕ್ಸ್‌ಇ ಫೈಲಿಗೆ ಮಾತ್ರ. ವಿಂಡೋದ ಪಿಎನ್‌ಜಿಯನ್ನು ಬೇರೆಯೇ ಸೇರಿಸಬೇಕು. ಹೊಸ ಐಕಾನ್ ಹಾಕಿದ ಮೇಲೂ ಹಳೆಯದೇ ಕಂಡರೆ ಇಎಕ್ಸ್‌ಇಯ ಹೆಸರು ಬದಲಿಸಿ ನೋಡಿ. ವಿಂಡೋಸ್ ಹಳೆ ಐಕಾನನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ.